ಹಿಂಬದಿಯ ಟಾಯ್ಲೆಟ್‌ನ ಬಿಳುಪು

ಪಿಂಗಾಣಿಯ ಬಿಳುಪಿನ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಇತ್ತು, ಒಪ್ಪಿಕೊಳ್ಳುತ್ತೇನೆ. ನಾನು ಕಲಿತದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಶನಿವಾರ ಬೆಳಿಗ್ಗೆ ಸಿಸ್ಟರ್ ಒಬ್ಬರು ಬಿಳಿ ಕರ್ಚೀಫು ಹಿಡಿದು ಬಾತ್‌ರೂಮಿಗೆ ಬರುತ್ತಿದ್ದರು. ಬೇಸಿನ್ನಿನ ಅಂಚಿಗೆ ಅದನ್ನು ಒಮ್ಮೆ ಎಳೆದು, ಮೊದಲು ಕರ್ಚೀಫು ನೋಡಿ, ಆಮೇಲೆ ನಮ್ಮ ಮುಖ ನೋಡುವುದು. ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಕ್ಲೀನ್, ಬಾರದಿದ್ದರೆ ಡರ್ಟಿ. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಹನ್ನೆರಡೇ ವರ್ಷ; ಎರಡು ಜಡೆ, ಇಸ್ತ್ರಿ ಹಾಕಿದ ಯೂನಿಫಾರ್ಮು. ಆ ಸಿಸ್ಟರ್ ಹೋಗಿ ಎಷ್ಟೋ ಕಾಲ ಆಯಿತು. ಅವರು ಕಲಿಸಿದ್ದರಲ್ಲಿ ಒಂದು ತಪ್ಪಿತ್ತು ಎಂದು ಹೇಳಲಿಕ್ಕೆ ಈ ವಯಸ್ಸಿನಲ್ಲೂ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಟೀಚರ್ ಕೆಲಸದಿಂದ ರಿಟೈರ್ ಆದ ಮೇಲೆ, ಕಬಕದಿಂದ ಸ್ವಲ್ಪ ಒಳಗಿರುವ ಒಂದು ಮದುವೆ ಹಾಲ್‌ನ ಮೇಲ್ವಿಚಾರಣೆ ನನ್ನದು. ಹಾಲ್‌ನ ಮಾಲೀಕರು ಬ್ಯಾರಿ ಸಮುದಾಯದ ವ್ಯಾಪಾರಿ. ಗಲ್ಫಿನಲ್ಲಿ ದುಡಿದು ಬಂದವರು, ಹಜ್ ಮಾಡಿದವರು, ಹಾಗಾಗಿ ಎಲ್ಲರಿಗೂ ಹಾಜಿಯವರು. ಅವರ ಹಾಲ್‌ನಲ್ಲಿ ನಿಖಾವೂ ಆಗುತ್ತದೆ, ಧಾರೆಯೂ ಆಗುತ್ತದೆ, ನಮ್ಮ ಕ್ರಿಶ್ಚಿಯನ್ನರ ಮದುವೆಯ ಮುನ್ನಾದಿನದ ರೋಸ್ ಕೂಡ ಆಗುತ್ತದೆ. ಮುಂದಿನ ಬದಿಯಲ್ಲಿ ಹೆಂಗಸರಿಗೆ ನಾಲ್ಕು ಕಮೋಡು. ಅವುಗಳನ್ನು ತೊಳೆಯುವುದು ಒಬ್ಬಳೇ ಹೆಂಗಸು, ನಲವತ್ತೈದು ದಾಟಿದವಳು. ತವರು ಪೆರಾಬೆ, ಕೊಟ್ಟದ್ದು ಕಬಕಕ್ಕೆ. ಮಾತು ಕಡಿಮೆ.

ತುಳುನಾಡಿನ ಆಷಾಢವಾದ ಆಟಿ ತಿಂಗಳು ಹತ್ತಿರ ಬಂದಿತ್ತು. ಆಟಿಯಲ್ಲಿ ಹಿಂದೂಗಳ ಮದುವೆ ಇಲ್ಲ, ಮುಂದಿನ ತಿಂಗಳು ಸೋಣ ಬಂದ ಮೇಲೆಯೇ. ಸೋಣದ ಮೊದಲ ಮದುವೆಗೆ ಸುಳ್ಯದ ಒಂದು ಗೌಡರ ಮನೆಯವರು ನಮ್ಮ ಹಾಲ್ ಹಿಡಿದಿದ್ದರು. ಒಂದು ದಿನ ಹುಡುಗನ ಸೋದರತ್ತೆ ಹಾಲ್ ನೋಡಲು ಬಂದರು. ಅನುಭವ ಇರುವ ಹೆಂಗಸರು ಮಂಟಪ ನೋಡುವುದಿಲ್ಲ, ಸೀದಾ ಟಾಯ್ಲೆಟ್ಟಿಗೆ ಹೋಗುತ್ತಾರೆ. ಇವರೂ ಹೋದರು. ಒಂದೊಂದೇ ಬಾಗಿಲು ತೆರೆದು ಮುಚ್ಚಿದರು. ನಾಲ್ಕನೆಯ ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿದರು.

"ಇದು ತೊಳಿಲಿಕ್ಕೆ ಜನ ಉಂಟಾ ಟೀಚರ್?"

ಕಮೋಡಿನ ಒಳಗೆ ನೀರು ನಿಲ್ಲುವ ಮಟ್ಟದಲ್ಲಿ ಇಟ್ಟಿಗೆ ಬಣ್ಣದ ಒಂದು ಬಳೆ. ಅಂಚಿನ ಕೆಳಗಿನಿಂದ ನೀರಿನವರೆಗೆ ನಾಲಿಗೆ ಚಾಚಿದ ಹಾಗೆ ಕಂದು ಗೆರೆ. ನಾಲ್ಕರಲ್ಲೂ ಅದೇ.

"ಮದುವೆಗೆ ಒಂದು ವಾರ ಇರುವಾಗ ಇನ್ನೊಮ್ಮೆ ಬರ್ತೇನೆ," ಎಂದರು ಆಕೆ. "ಹೀಗೇ ಇದ್ರೆ ಬೇರೆ ಹಾಲ್ ನೋಡುವ. ಬೇಜಾರು ಮಾಡ್ಬೇಡಿ."

ಅವರು ಹೋದ ಮೇಲೆ ಹಾಜಿಯವರು ಕರೆದು ಹೇಳಿದ್ದು ಎರಡೇ ಮಾತು. ಕಮೋಡು ಹೊಸತು ಹಾಕಿಸುವ, ತೊಳೆಯುವವರನ್ನೂ ಹೊಸಬರನ್ನು ನೋಡುವ. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಎರಡನೆಯ ಮಾತಿಗೆ ನನ್ನ ಒಪ್ಪಿಗೆ ಮೊದಲೇ ಇತ್ತು. ಆ ಸಂಜೆಯೇ ಇಂಗ್ಲಿಷಿನಲ್ಲಿ ಒಂದು ಮೆಮೊ ಬರೆದೆ. ನನ್ನ ಕೈಬರಹ ಇನ್ನೂ ಚೆನ್ನಾಗಿದೆ, ಐ ಮಸ್ಟ್ ಸೇ. ಪದೇಪದೇ ಹೇಳಿದರೂ ಶುಚಿತ್ವ ಕಾಪಾಡಲಿಲ್ಲ, ಸೋಣದಿಂದ ಕೆಲಸಕ್ಕೆ ಬರಬೇಕಾಗಿಲ್ಲ, ಇಷ್ಟೇ. ಮಡಚಿ ಡ್ರಾವರಿನಲ್ಲಿ ಇಟ್ಟೆ. ಆಟಿ ಪೂರ್ತಿ ಅವಳಿಗೆ ಒಂದು ಚಾನ್ಸ್ ಕೊಡುವುದು, ಆಗದಿದ್ದರೆ ಮೆಮೊ ಕೊಡುವುದು ಎಂದು ನನ್ನ ಲೆಕ್ಕ. ಗಲೀಜು ಎಂಬ ಕಾರಣಕ್ಕೆ ಕೆಲಸದಿಂದ ತೆಗೆದವಳನ್ನು ಆ ಸುತ್ತಿನಲ್ಲಿ ಇನ್ಯಾವ ಮನೆಯವರೂ ಒಳಗೆ ಕರೆಯುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಮರುದಿನ ಅವಳನ್ನು ಕಮೋಡಿನ ಎದುರು ನಿಲ್ಲಿಸಿ ಕೇಳಿದೆ, "ಎಂತ ಇದು?"

"ನೀರೇ ಕೆಂಪು, ಟೀಚರ್."

"ಎಕ್ಸ್‌ಕ್ಯೂಸ್ ಬೇಡ. ನೀರು ನೋಡು, ಕನ್ನಡಿಯ ಹಾಗುಂಟು."

ನಲ್ಲಿ ತಿರುಗಿಸಿ ತೋರಿಸಿದೆ. ನೀರು ನಿಜವಾಗಿಯೂ ತಿಳಿಯಾಗಿತ್ತು. ಅವಳು ನಲ್ಲಿ ಮುಚ್ಚಿ ಬ್ರಶ್ಶು ಎತ್ತಿಕೊಂಡಳು.

ಆಮೇಲೆ ನಾನು ಮಾಡಿಸಿದ ಒಂದೊಂದು ಕೆಲಸವೂ ಕಲೆಯನ್ನು ಹೆಚ್ಚು ಮಾಡುವಂಥದ್ದೇ ಆಗಿತ್ತು. ಮೊದಲು ಸ್ಟೀಲಿನ ನಾರು ಕೊಟ್ಟು ಉಜ್ಜಿಸಿದೆ. ಮೂರನೆಯ ಕಮೋಡನ್ನು ಅವಳು ಮೊಣಕಾಲೂರಿ ಬೆಳಿಗ್ಗೆ ಪೂರ್ತಿ ಉಜ್ಜಿದಳು. ಮಧ್ಯಾಹ್ನ ಬೆಳ್ಳಗೆ ಕಂಡಿತು, ನಾನು ಗೆದ್ದ ಹಾಗೆ ನಕ್ಕೆ. ಎರಡು ದಿನದಲ್ಲಿ ಆ ಗೀರುಗಳ ಒಳಗೇ ಕೆಂಪು ಕೂತಿತು. ನಾರಿನಿಂದ ಉದುರಿದ ಕಬ್ಬಿಣದ ಚೂರುಗಳೂ ಅಲ್ಲಲ್ಲಿ ಚುಕ್ಕಿಯಾಗಿ ತುಕ್ಕು ಹಿಡಿದವು. ಆಮೇಲೆ ಬ್ಲೀಚಿಂಗ್ ಪೌಡರು. ಮಳೆಗಾಲದಲ್ಲಿ ಬಾವಿಗೆ ಹಾಕಲು ಆರೋಗ್ಯ ಕೇಂದ್ರದವರು ಕೊಟ್ಟಿದ್ದು ಒಂದು ಚೀಲ ಇತ್ತು. ಬಾವಿಗೆ ಹಾಕುವ ಬದಲು ನಾನು ಮೇಲಿನ ಟ್ಯಾಂಕಿಗೇ ಹಾಕಿಸಿದೆ, ಕಮೋಡುಗಳಿಗೂ ಧಾರಾಳವಾಗಿ ಸುರಿಸಿದೆ. ಇಡೀ ಹಾಲ್ ನನ್ನ ಬೋರ್ಡಿಂಗಿನ ಹಾಗೆ ವಾಸನೆ ಬಂತು. ಕಲೆ ಮಾತ್ರ ಇಟ್ಟಿಗೆಯ ಬಣ್ಣದಿಂದ ಕಾಫಿಯ ಬಣ್ಣಕ್ಕೆ ಹೋಯಿತು.

ನನಗೆ ಹಟ ಬಂತು. ಒಂದು ಬೆಳಿಗ್ಗೆ ಅಂಗಡಿಯಿಂದ ಟಾಯ್ಲೆಟ್ ಆಸಿಡ್ ತರಿಸಿದೆ. ಕಮೋಡಿನಲ್ಲಿ ಹಿಂದಿನ ದಿನದ ಪೌಡರು ಇನ್ನೂ ಕೆನೆಯ ಹಾಗೆ ನಿಂತಿತ್ತು.

"ಇದರ ಮೇಲೆಯೇ ಹಾಕುದಾ?" ಎಂದು ಅವಳು ಕೇಳಿದಳು.

"ಹಾಕು. ಡಬಲ್ ಎಫೆಕ್ಟ್."

ಅವಳು ಒಳಗೆ ಹೋದಳು, ನಾನು ಹೊರಗೆ ಬಾಗಿಲ ಹತ್ತಿರ ನಿಂತಿದ್ದೆ. ಎರಡು ನಿಮಿಷ ಆಗಿರಲಿಕ್ಕಿಲ್ಲ, ಕೆಮ್ಮು ಕೇಳಿತು, ಅದರ ಹಿಂದೆಯೇ ಮೂಗು ಸುಡುವ ಘಾಟು. ಬಾಗಿಲು ತಳ್ಳಿದರೆ ಹಳದಿ ಹಸಿರಿನ ತೆಳು ಹೊಗೆ. ಅವಳು ಗೋಡೆ ಹಿಡಿದು ಬಗ್ಗಿದ್ದಳು, ಕಣ್ಣಿನಲ್ಲಿ ಧಾರೆ. ಸೆರಗು ಬಾಯಿಗೊತ್ತಿಕೊಂಡು ಅವಳ ರಟ್ಟೆ ಹಿಡಿದು ಹೊರಗೆ ಎಳೆದೆ. ಆ ಶಕ್ತಿ ನನಗೆ ಎಲ್ಲಿಂದ ಬಂತೋ. ಪುತ್ತೂರಿನ ಡಾಕ್ಟರರು ಅವಳಿಗೆ ಆಕ್ಸಿಜನ್ ಕೊಟ್ಟರು. ನನಗೆ ಕೊಟ್ಟದ್ದು ಬೈಗುಳ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಏಳುವುದು ಕ್ಲೋರಿನ್, ಮುಚ್ಚಿದ ಕೋಣೆಯಲ್ಲಿ ಅದು ಜೀವ ತೆಗೆಯಬಹುದು ಎಂದರು. ನಾಲ್ಕು ದಿನ ರೆಸ್ಟ್ ಬರೆದರು. ಓದಿದವಳು ನಾನು, ಎರಡೂ ಒಟ್ಟಿಗೆ ಬೇಕಾ ಎಂದು ಕೇಳಿದವಳು ಅವಳು.

ಆ ನಾಲ್ಕು ದಿನ ಹಾಲ್‌ನಲ್ಲಿ ನಾನೊಬ್ಬಳೇ. ಮೂರನೆಯ ದಿನ ಮುಂದಿನ ನಲ್ಲಿಗಳಲ್ಲಿ ನೀರು ನಿಂತಿತು. ಪಂಪು ಹಾಕುವುದು ಅವಳ ಕೆಲಸ, ನನಗೆ ನೆನಪೇ ಇರಲಿಲ್ಲ. ಪಂಪು ಹಾಕಿ ಟ್ಯಾಂಕು ತುಂಬುವವರೆಗೆ ಕಾಯುವಷ್ಟು ವ್ಯವಧಾನ ನನ್ನ ವಯಸ್ಸಿನವರಿಗೆ ಇರುವುದಿಲ್ಲ. ಹಾಗಾಗಿ ಅಡುಗೆಕೋಣೆಯ ಹಿಂದೆ ಕೆಲಸದವರಿಗೆಂದು ಕಟ್ಟಿದ ಟಾಯ್ಲೆಟ್ಟಿಗೆ ಹೋದೆ. ಹಾಲ್‌ಗೆ ಬರಲು ಶುರುಮಾಡಿದ ಮೇಲೆ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಕೆಂಪುಕಲ್ಲಿನ ಗೋಡೆ, ತಗಡಿನ ಬಾಗಿಲು, ಒಂದು ಇಂಡಿಯನ್ ಕ್ಲೋಸೆಟ್. ಮುಂದಿನ ಕಮೋಡುಗಳಿಗಿಂತ ಎಷ್ಟೋ ಹಳತು, ಅಂಚು ಒಂದು ಕಡೆ ಒಡೆದದ್ದು. ಆದರೆ ಬಣ್ಣ? ಹಾಲಿನ ಹಾಗೆ. ಒಂದು ಗೆರೆ ಇಲ್ಲ, ಒಂದು ಚುಕ್ಕಿ ಇಲ್ಲ. ಸಿಸ್ಟರ್ ಕರ್ಚೀಫು ಎಳೆದಿದ್ದರೆ ಏನೂ ಹೇಳದೆ ಹೊರಗೆ ಹೋಗುತ್ತಿದ್ದರು. ಅಲ್ಲಿ ನಲ್ಲಿ ಇರಲಿಲ್ಲ. ಮೂಲೆಯಲ್ಲಿ ಒಂದು ಬಕೆಟ್, ಒಂದು ಮಗ್, ಹೊರಗೆ ಹತ್ತು ಹೆಜ್ಜೆಯಲ್ಲಿ ರಾಟೆಯ ಬಾವಿ.

ಆ ಮಧ್ಯಾಹ್ನವೇ ಅವಳ ಮನೆಗೆ ನಡೆದೆ. ಜಗಲಿಯಲ್ಲಿ ಕೂತು ಬಿಸಿನೀರು ಕುಡಿಯುತ್ತಿದ್ದಳು. ಎದ್ದು ಕುರ್ಚಿ ತರಲು ಹೋದವಳನ್ನು ತಡೆದು, ಮೆಟ್ಟಿಲಲ್ಲೇ ಕೂತೆ.

"ಹಿಂದಿನ ಟಾಯ್ಲೆಟ್ ಯಾರು ತೊಳೆಯುದು?"

"ನಾನೇ. ಮತ್ತೆ ಯಾರು, ಹಾಜಿಯವರಾ?"

"ಎಂತ ಹಾಕಿ?"

"ಎಂತ ಹಾಕುದು? ಸೋಪಿನ ನೀರು. ನೀವು ಕೊಡುವ ಸಾಮಾನೆಲ್ಲ ಮುಂದಿನದಕ್ಕೆ ಅಲ್ವಾ."

"ಮತ್ತೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

ಅವಳು ಲೋಟ ಕೆಳಗಿಟ್ಟಳು. "ಹೇಳಿದ್ದೆ ಟೀಚರ್. ನೀರೇ ಕೆಂಪು ಅಂತ. ನೀವು ಎಕ್ಸ್‌ಕ್ಯೂಸ್ ಬೇಡ ಅಂದ್ರಿ."

ಅದೇ ಕೈ, ಅದೇ ಬ್ರಶ್ಶು. ಬೇರೆ ಇದ್ದದ್ದು ನೀರು ಮಾತ್ರ, ಹಿಂದೆ ಬಾವಿಯದ್ದು, ಮುಂದೆ ಬೋರ್‌ವೆಲ್ಲಿನದ್ದು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಆದರೆ ಹಾಜಿಯವರಿಗೆ ತೋರಿಸಲು ನನಗೆ ಕಣ್ಣಿಗೆ ಕಾಣುವಂಥದ್ದು ಬೇಕಿತ್ತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ ನಕ್ಕಳು. "ತುಕ್ಕಿಗೆ ಬ್ಲೀಚ್ ಅಂದ್ರೆ ಅದಕ್ಕೆ ಊಟ ಬಡಿಸಿದ ಹಾಗೆ ಟೀಚರ್. ಬೋರಿನ ನೀರಲ್ಲಿ ಕಬ್ಬಿಣ ಕರಗಿ ಇರ್ತದೆ, ಆಗ ಕಾಣುದಿಲ್ಲ. ಗಾಳಿ ತಾಗಿದ ಮೇಲೆ ನಿಧಾನ ಕೆಂಪಾಗ್ತದೆ. ಬ್ಲೀಚಿಂಗ್ ಹಾಕಿದ್ರೆ ಕೂಡಲೇ." ಹೇಗೆ ಪರೀಕ್ಷೆ ಮಾಡುವುದು ಎಂದೂ ಹೇಳಿದಳು.

ಮರುದಿನ ಬೆಳಿಗ್ಗೆ ಹಾಜಿಯವರ ಮೇಜಿನ ಮೇಲೆ ಮೂರು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಬಾವಿಯ ನೀರು. ಎರಡನೆಯದರಲ್ಲಿ ಪಂಪಿನಿಂದ ಹಿಂದಿನ ದಿನವೇ ಹಿಡಿದಿಟ್ಟ ಬೋರಿನ ನೀರು. ಹಿಡಿದಾಗ ತಿಳಿ, ಈಗ ತಳದಲ್ಲಿ ಕೆಂಪು ಹುಡಿ. ಮೂರನೆಯದರಲ್ಲಿ ಆಗಷ್ಟೇ ಹಿಡಿದ ಬೋರಿನ ನೀರು. ಅದಕ್ಕೆ ಒಂದು ಚಿಟಿಕೆ ಬ್ಲೀಚಿಂಗ್ ಪೌಡರು ಹಾಕಿ ಕದಡಿದೆ. ನೋಡುತ್ತಿದ್ದ ಹಾಗೆ ನೀರು ಹಾಲು ಹಾಕದ ಕಣ್ಣನ್ ಚಾದ ಬಣ್ಣಕ್ಕೆ ತಿರುಗಿತು.

ಹಾಜಿಯವರು ಆ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಬೋರು ಹೊಡೆದ ದಿನ ನೀರು ತೆಂಗಿನ ಮರದಷ್ಟು ಹಾರಿದ್ದು ಟೀಚರ್. ನಾನು ಊರಿಗೆಲ್ಲ ಪಾಯಸ ಹಂಚಿದವ."

"ನೀರಿಗೆ ದೋಷ ಇಲ್ಲ ಹಾಜಿಯವರೇ. ನೆಲವೇ ಕೆಂಪುಕಲ್ಲು. ನಾವು ಕೂತಿರುವ ಕೋಣೆಯ ಗೋಡೆಯೂ ಅದೇ."

"ಹಾಗಾದ್ರೆ ಹೊಸ ಕಮೋಡು?"

"ಹೊಸತು ಹಾಕಿದ್ರೆ ಮುಂದಿನ ಮಳೆಗಾಲಕ್ಕೆ ಅದೂ ಹೀಗೇ. ಹೊಸ ಹೆಂಗಸು ಬಂದ್ರೂ ಹೀಗೇ." ಮುಂದಿನದನ್ನು ನಾನು ಯೋಚಿಸಿ ಬಂದಿರಲಿಲ್ಲ. "ಸುಳ್ಯದವರು ಬರುವ ಮೊದಲು ಇದೇ ಕಮೋಡನ್ನು, ಇದೇ ಹೆಂಗಸಿನ ಕೈಯಲ್ಲಿ ಬಿಳಿ ಮಾಡಿಸ್ತೇನೆ. ಆಗದಿದ್ರೆ ಅವಳೊಬ್ಬಳೇ ಹೋಗುದಲ್ಲ, ನಾನೂ ಹೋಗ್ತೇನೆ."

ಅವರು ನಕ್ಕರು. "ನಿಮ್ಮನ್ನು ಕಳಿಸಿದ್ರೆ ನನ್ನ ಮನೆಯವಳು ನನ್ನನ್ನೇ ಕಳಿಸ್ತಾಳೆ. ಆಯ್ತು, ನೋಡುವ."

ಕೈಯಲ್ಲಿ ಎರಡೂವರೆ ವಾರ ಇತ್ತು. ಅವಳು ಕೆಲಸಕ್ಕೆ ಬಂದ ದಿನ ಆಸಿಡ್ ಬಾಟಲಿಯನ್ನೂ ಸ್ಟೀಲ್ ನಾರನ್ನೂ ಹೊರಗೆ ಹಾಕಿದೆವು. ಟ್ಯಾಂಕು ಖಾಲಿ ಮಾಡಿ ತೊಳೆದು, ಕಮೋಡುಗಳಿಗೆ ಬಾವಿಯ ನೀರನ್ನೇ ಬಕೆಟ್ಟುಗಟ್ಟಲೆ ಹೊಯ್ದು, ಬ್ಲೀಚಿನ ಅಂಶ ಎಲ್ಲೂ ಉಳಿಯದ ಹಾಗೆ ಎರಡು ದಿನ ಬಿಟ್ಟೆವು. ಆಮೇಲೆ ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಕೊಡುತ್ತಾರೆ. ತುಕ್ಕಿಗೆ ಬೇಕಾದದ್ದು ಹುಳಿ ಎಂದು ವಿದ್ಯಾರ್ಥಿನಿ ಹೇಳಿದ್ದಳು. ನಾಲ್ಕು ಚಮಚ ಹಾಕಿ, ಮುಚ್ಚಳ ಮುಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಕಲೆ ಇದ್ದಲ್ಲೇ ಇತ್ತು.

ನಾನು ಪೆಚ್ಚಾಗಿ ನಿಂತಿದ್ದೆ. ಅವಳು ಬಗ್ಗಿ ನೋಡಿ ಹೇಳಿದಳು, "ಇಷ್ಟು ನೀರಿಗೆ ಅಷ್ಟು ಹುಳಿ ಹಾಕಿದ್ರೆ ಸಾರೂ ಆಗುದಿಲ್ಲ ಟೀಚರ್. ಮತ್ತೆ ಕಲೆ ಇರುದು ನೀರಿನ ಮೇಲೆ, ಹುಳಿ ಇರುದು ನೀರಿನ ಒಳಗೆ."

ಅಲ್ಲಿಂದ ಮುಂದೆ ಕೆಲಸದ ಯಜಮಾನಿಕೆ ಅವಳದ್ದು. ಗೋಡೆಯ ಹತ್ತಿರ ನೀರು ನಿಲ್ಲಿಸುವ ಕಾಕ್ ಮುಚ್ಚಿ ಒಮ್ಮೆ ಫ್ಲಶ್ ಮಾಡಿದಳು. ಬ್ರಶ್ಶಿನಿಂದ ಒತ್ತಿ ಒತ್ತಿ ಕಮೋಡಿನ ನೀರನ್ನು ಒಳಗೆ ತಳ್ಳಿದಳು, ಉಳಿದದ್ದನ್ನು ಮಗ್ಗಿನಿಂದ ಮೊಗೆದಳು. ಊಟದ ಹಾಲ್‌ನ ಹರಿದ ಟೇಬಲ್ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಉಗುರುಬೆಚ್ಚಗಿನ ನೀರಿನಲ್ಲಿ ಗಟ್ಟಿಯಾಗಿ ಕದಡಿದ ನಿಂಬೆ ಉಪ್ಪಿನಲ್ಲಿ ಅದ್ದಿ, ಜ್ವರದವರ ಹಣೆಗೆ ಹಾಕುವ ಹಾಗೆ ಕಲೆಯ ಮೇಲೆ ಅಂಟಿಸಿದಳು. ಅಂಚಿನ ಕೆಳಗೂ ಬೆರಳಿನಿಂದ ತುರುಕಿದಳು. ಕೈಗೆ ಗ್ಲೌಸು, ಕಿಟಕಿ ಪೂರ್ತಿ ತೆರೆದು. ಕುದಿಯುವ ನೀರು ಹೊಯ್ಯುವ ಎಂದು ನಾನು ಹೇಳಿದ್ದಕ್ಕೆ, "ಪಿಂಗಾಣಿ ಒಡೆದ್ರೆ ಹಾಜಿಯವರಿಗೆ ನೀವೇ ಹೇಳ್ಬೇಕು," ಎಂದಳು.

ಸಂಜೆ ಪಟ್ಟಿ ತೆಗೆದಾಗ ಬಟ್ಟೆ ಹಳದಿಯಾಗಿತ್ತು, ಕಲೆ ಅರ್ಧ ಇಳಿದಿತ್ತು. ಎರಡನೆಯ ಸಲಕ್ಕೆ ಮೂರು ಕಮೋಡು ಬಹುಮಟ್ಟಿಗೆ ಬಿಳಿಯಾದವು. ಹಟ ಹಿಡಿದದ್ದು ಮೂರನೆಯದು, ನಾನು ಗೀರಿಸಿದ್ದು. ಅವಳು ಒಂದು ಭಾನುವಾರ ಪೆರಾಬೆಗೆ ಹೋಗಿ, ಸೋಮವಾರ ಬಸ್ಸಿನಿಂದ ಒಂದು ಗೋಣಿ ಇಳಿಸಿದಳು. ಒಳಗೆ ಬಿಂಬುಳಿ. ಮರದ ಕಾಂಡದಲ್ಲೇ ಗೊಂಚಲು ಗೊಂಚಲಾಗಿ ಹಿಡಿಯುವ, ಬಾಯಿಗಿಟ್ಟರೆ ಕಣ್ಣು ಮುಚ್ಚಿಸುವ ಆ ಹಸಿರು ಕಾಯಿ.

"ನಮ್ಮಲ್ಲಿ ಬಟ್ಟೆಗೆ ತುಕ್ಕು ತಾಗಿದ್ರೆ ಇದನ್ನೇ ತಿಕ್ಕುದು. ಕಂಚು ಬೆಳಗ್ಲಿಕ್ಕೂ ಇದೇ," ಎಂದಳು. "ಇಷ್ಟು ಎಂತಕ್ಕೆ ಅಂತ ಅಮ್ಮ ಕೇಳಿದ್ರು. ಉಪ್ಪಿನಕಾಯಿಗೆ ಅಂದೆ. ಈಗ ಅವರಿಗೆ ಒಂದು ಬಾಟ್ಲಿ ಉಪ್ಪಿನಕಾಯಿ ಕೊಡ್ಬೇಕು, ನೀವೇ ಹಾಕಿ ಕೊಡಿ."

ಹಾಕಿ ಕೊಟ್ಟೆ. ಉಳಿದ ಕಾಯಿಯನ್ನು ಅವಳು ಜಜ್ಜಿ, ಆ ಮುದ್ದೆಯನ್ನು ಗೀರುಗಳ ಮೇಲೆ ಮೆತ್ತಿ, ಅರ್ಧಕ್ಕೆ ಕೊಯ್ದ ಕಾಯಿಯಿಂದಲೇ ತಿಕ್ಕಿದಳು. ಮೂರು ಸಲ ಆಯಿತು. ಕೆಂಪು ಹೋಯಿತು, ಗೀರು ಮಾತ್ರ ಕೂದಲೆಳೆಯ ಹಾಗೆ ಬೂದಿ ಬಣ್ಣದಲ್ಲಿ ಉಳಿಯಿತು. ಅದು ಹೋಗುವುದಿಲ್ಲ. ಇರಲಿ, ನನ್ನ ಸಹಿ.

ತೆಗೆದದ್ದು ಮತ್ತೆ ಬಾರದ ಹಾಗೆ ಮಾಡುವುದು ಇನ್ನೊಂದು ಕೆಲಸ. ಸುಳ್ಯದ ಕಡೆಯ ಪ್ಲಂಬರ್ ಒಬ್ಬರನ್ನು ಕರೆಸಿದೆ. ಐವತ್ತು ದಾಟಿದ ಮನುಷ್ಯ, ಕಮೋಡಿನ ಹಿಂದಿನ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ, ಹಾಗೇ ಇಳಿಸಿ, "ಇದರೊಳಗೆ ಒಂದು ತೋಟವೇ ಉಂಟು ಟೀಚರ್," ಎಂದರು. ಒಳಗೆ ಕೆಂಪು ಲೋಳೆ, ಅದರ ನಡುವೆ ಕರಗುತ್ತಿರುವ ಕಬ್ಬಿಣದ ಬೋಲ್ಟು. ಅಡುಗೆಯವರ ಪೆಟ್ಟಿಗೆಯಿಂದ ಜಿಲೇಬಿಗೆ ಹಾಕುವ ಬಣ್ಣ ತರಿಸಿ ಟ್ಯಾಂಕಿನ ನೀರಿಗೆ ಕದಡಿದರು. ಫ್ಲಶ್ ಒತ್ತದೆ ಕಾದೆವು. ಸ್ವಲ್ಪ ಹೊತ್ತಿಗೆ ಕಮೋಡಿನಲ್ಲಿ ಕಿತ್ತಳೆ ಬಣ್ಣದ ಒಂದು ನೂಲು ಇಳಿಯಲು ಶುರುವಾಯಿತು, ಸರಿಯಾಗಿ ಆ ಕಂದು ಗೆರೆ ಇದ್ದ ಜಾಗದಲ್ಲೇ. ವಾಶರು ಸವೆದು, ಆಟಿಯ ಉದ್ದಕ್ಕೂ ಯಾರೂ ಇಲ್ಲದಾಗಲೂ ನೀರು ಹನಿಯುತ್ತಲೇ ಇತ್ತು. ನಾಲ್ಕಕ್ಕೂ ಹೊಸ ವಾಶರು, ಹಿತ್ತಾಳೆಯ ಬೋಲ್ಟು.

ಆಮೇಲೆ ನೀರು. ಮಳೆಗಾಲದಲ್ಲಿ ಬಾವಿ ತುಂಬಿರುವಷ್ಟು ಕಾಲ ಟಾಯ್ಲೆಟ್ಟಿನ ಪೈಪಿಗೆ ಬಾವಿಯ ನೀರೇ. ಬೇಸಗೆಯಲ್ಲಿ ಬಾವಿ ತಳ ಕಾಣುವಾಗ ಬೋರಿನದ್ದು, ಆದರೆ ಸೀದಾ ಅಲ್ಲ. ಪೈಪಿನ ತುದಿಗೆ ತೂತುಗಳ ಮುಚ್ಚಳ ಹಾಕಿ, ನೀರು ಒಂದಾಳು ಎತ್ತರದಿಂದ ಮಳೆಯ ಹಾಗೆ ಮೊದಲ ಟ್ಯಾಂಕಿಗೆ ಬೀಳಬೇಕು. ಗಾಳಿ ತಾಗಿ ಕೆಂಪಾಗುವುದು ಅಲ್ಲೇ ಆಗಲಿ, ಕಮೋಡಿನಲ್ಲಿ ಬೇಡ. ಒಂದು ದಿನ ತಂಗಿದ ಮೇಲೆ, ತಳದಿಂದ ಒಂದು ಗೇಣು ಮೇಲೆ ಇಟ್ಟ ನಲ್ಲಿಯಿಂದ ಹೊರಟು, ಮರಳು ಇದ್ದಲು ತುಂಬಿದ ಡ್ರಮ್ಮು ದಾಟಿ ಎರಡನೆಯ ಟ್ಯಾಂಕಿಗೆ. ಪರೀಕ್ಷೆಗೆಂದು ಕೆಲವು ದಿನ ಬೋರಿನ ನೀರನ್ನೇ ಹರಿಸಿ ನೋಡಿದೆವು; ತಳದ ವಾಲ್ವ್ ತೆರೆದಾಗ ಕಾವಿ ನೆಲದ ಬಣ್ಣದ ಕೆಸರು ಬಂತು. ಹಾಜಿಯವರು ಪಂಚೆ ಎತ್ತಿ ಕಟ್ಟಿ ನಿಂತು ನೋಡಿದರು. "ಇಷ್ಟು ನಮ್ಮ ಕಮೋಡಿಗೆ ಹೋಗ್ತಾ ಇತ್ತಾ?" ಎಂದು ಅವಳನ್ನು ಕೇಳಿದರು. ಅವರು ಅವಳನ್ನು ನೇರವಾಗಿ ಮಾತಾಡಿಸಿದ್ದು ಅಂದೇ ನಾನು ಕಂಡದ್ದು.

ಹುಡುಗನ ಸೋದರತ್ತೆ ಹೇಳಿದ ದಿನವೇ ಬಂದರು, ಜೊತೆಗೆ ಇನ್ನಿಬ್ಬರು. ತಮ್ಮೊಳಗೆ ಸುಳ್ಯದ ಗೌಡರ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತ ನಾಲ್ಕು ಬಾಗಿಲನ್ನೂ ತೆರೆದರು. ಮೂರನೆಯದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಅವಳು ಬಕೆಟ್ ಹಿಡಿದು ಗೋಡೆಗೆ ಒರಗಿದ್ದಳು.

"ಹೊಸತು ಹಾಕ್ಸಿದ್ದಾ?"

"ಇಲ್ಲ, ಹಳತೇ," ಎಂದೆ.

"ಯಾರು ಮಾಡಿದ್ದು?"

ನಾನು ಅವಳ ಕಡೆ ಕೈ ತೋರಿಸಿದೆ. ಆಕೆ ಅವಳ ಹತ್ತಿರ ಹೋಗಿ ದನಿ ತಗ್ಗಿಸಿದರು. "ನಮ್ಮ ಮನೆದೂ ಹೀಗೇ ಕೆಂಪು ಉಂಟು ಮಾರಾಯ್ತಿ. ಎಂತ ಹಾಕುದು?"

"ಮೊದಲು ಎಂತ ಹಾಕ್ತಾ ಇದ್ದೀರಿ ಅದನ್ನು ನಿಲ್ಲಿಸಿ," ಎಂದು ಅವಳು ಶುರುಮಾಡಿದಳು. ಹತ್ತು ನಿಮಿಷ ಮಾತಾಡಿದಳು. ಅಷ್ಟು ಮಾತು ಅವಳ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಅವರು ಹೋದ ಮೇಲೆ, ಮಾಡುವ ಕ್ರಮವನ್ನೆಲ್ಲ ಬರೆದು ಗೋಡೆಗೆ ಅಂಟಿಸುವ, ಯಾರು ಬಂದರೂ ತಪ್ಪಬಾರದು ಎಂದು ಅವಳೇ ಹೇಳಿದಳು. ಡ್ರಾವರಿಗೆ ಕೈ ಹಾಕಿ, ಸಿಕ್ಕಿದ ಕಾಗದದ ಖಾಲಿ ಬದಿಯಲ್ಲಿ ಅವಳು ಹೇಳಿದ ಹಾಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆ. ವಾರಕ್ಕೊಮ್ಮೆ ನಿಂಬೆ ಉಪ್ಪು, ಹದಿನೈದು ದಿನಕ್ಕೊಮ್ಮೆ ಕೆಸರು ಬಿಡುವುದು, ಯಾರೂ ಇಲ್ಲದ ದಿನಗಳಲ್ಲಿ ಕಾಕ್ ಮುಚ್ಚುವುದು, ಬ್ಲೀಚಿಂಗ್ ಬೇಡ, ಅದಕ್ಕೆ ಆಸಿಡ್ ಸೇರಿಸುವುದು ಯಾವತ್ತೂ ಬೇಡ. ಅವಳು ಕಾಗದ ತೆಗೆದುಕೊಂಡು ಒಂದೊಂದು ಸಾಲಾಗಿ ಓದಿದಳು. ಆಮೇಲೆ ತಿರುಗಿಸಿದಳು.

"ಇಲ್ಲಿ ಇಂಗ್ಲಿಷಿನಲ್ಲಿ ಎಂತ ಬರ್ದದ್ದು?"

ನನಗೆ ಆಗಲೇ ಗೊತ್ತಾದದ್ದು ಅದು ಯಾವ ಕಾಗದ ಎಂದು. ಏನೋ ಹಳೆಯ ಲೆಟರ್ ಎಂದು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. ಕನ್ನಡಕ ಒರೆಸಿಕೊಂಡೆ. ಕಾಗದ ತೆಗೆದುಕೊಂಡು, ಒಂದು ಶಬ್ದವನ್ನೂ ಬಿಡದೆ, ಇಂಗ್ಲಿಷಿನಲ್ಲಿದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ನನ್ನದೇ ತಪ್ಪು," ಎಂದೆ.

ಅವಳು ಕಾಗದದ ಮೇಲ್ಭಾಗಕ್ಕೆ ಬೆರಳಿಟ್ಟಳು. "ತಾರೀಕು ಯಾವಾಗಿನದ್ದು?"

"ಅವರು ಮೊದಲ ಸಲ ಬಂದು ಹೋದ ದಿನದ್ದು."

"ಹಾಗಾದ್ರೆ ಆಸಿಡ್‌ಗಿಂತ ಮೊದಲೇ," ಎಂದಳು.

ಆಮೇಲೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಇನ್ನೊಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ ಎಂದರೂ ಕೇಳಲಿಲ್ಲ. ಅಡುಗೆಕೋಣೆಗೆ ಹೋಗಿ ಮೈದಾ ಅಂಟು ಕಲಸಿ ತಂದು, ಇಂಗ್ಲಿಷಿನ ಬದಿಗೆ ಮೂಲೆಯಿಂದ ಮೂಲೆಗೆ ದಪ್ಪಗೆ ಬಳಿದಳು. ಮುಂದಿನ ಟಾಯ್ಲೆಟ್‌ನ ಬಾಗಿಲ ಪಕ್ಕ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒತ್ತಿ ಅಂಟಿಸಿ, ಅಂಗೈಯಿಂದ ನಾಲ್ಕು ಸಲ ಉಜ್ಜಿದಳು.

"ಇನ್ನು ತೆಗೀಲಿಕ್ಕೆ ಆಗುದಿಲ್ಲ ಟೀಚರ್," ಎಂದಳು. "ತೆಗೆದ್ರೆ ಗೋಡೆ ಕಲೆ ಆಗ್ತದೆ."